ವಿಚಾರಣೆಗೆ ಪಕ್ಕದ ಕಿಟಕಿ

ನಮ್ಮ ದೊಡ್ಡಪ್ಪನ ಮುಖ ಊರಿನಲ್ಲಿ ಹತ್ತು ಜನಕ್ಕೂ ಗೊತ್ತಿಲ್ಲ. ದನಿ ಮಾತ್ರ ಬೀದಿನಾಯಿಗಳಿಗೂ ಗೊತ್ತು. ಬಸ್ ನಿಲ್ದಾಣದಲ್ಲಿ ‘ಪ್ರಯಾಣಿಕರ ಗಮನಕ್ಕೆ’ ಎಂದು ಮೇಲಿನಿಂದ ಒಂದು ದನಿ ಇಳಿದು ಬರುತ್ತಿತ್ತಲ್ಲ, ಅದು ಅವರದು. ಮೂವತ್ತೊಂದು ವರ್ಷ ಅದೇ ಮೈಕು, ಅದೇ ಕುರ್ಚಿ. ನಿವೃತ್ತಿಯಾದ ಮೇಲೂ ಅಷ್ಟೇ: ತರಕಾರಿ ಅಂಗಡಿಯಲ್ಲಿ ಅವರು ಗಂಟಲು ಸರಿಮಾಡಿಕೊಂಡು “ಎರಡು ಕಿಲೋ ಈರುಳ್ಳಿ” ಎಂದರೆ ಪಕ್ಕದಲ್ಲಿ ನಿಂತವರು ಗಾಬರಿಯಿಂದ ತಮ್ಮ ಚೀಲ ಎತ್ತಿಕೊಳ್ಳುತ್ತಾರೆ.

ಮೊದಲು ಅವರು ಅಲ್ಲಿ ಲಗೇಜ್ ತೂಗುವ ಕೆಲಸಕ್ಕಿದ್ದರಂತೆ. ಮೈಕಿನವರಿಗೆ ನೆಗಡಿಯಾಗಿ ದನಿ ಕೂತುಹೋದ ದಿನ ಮೇಲಧಿಕಾರಿ ಇವರನ್ನು ಕರೆದು, “ನಿನ್ನ ಗಂಟಲು ತಕ್ಕಡಿಗಿಂತ ಚೆನ್ನಾಗಿದೆ, ಎರಡು ದಿನ ಓದು” ಎಂದರು. ನೆಗಡಿ ವಾಸಿಯಾಗಿ ಹಳಬರು ವಾಪಸ್ ಬಂದಾಗ ಪ್ರಯಾಣಿಕರೇ ಒಪ್ಪಲಿಲ್ಲ ಎನ್ನುತ್ತಾರೆ ದೊಡ್ಡಪ್ಪ. ಅಂಥ ಪ್ರಯಾಣಿಕ ಒಬ್ಬನನ್ನಾದರೂ ತೋರಿಸಿ ಎನ್ನುತ್ತಾರೆ ದೊಡ್ಡಮ್ಮ.

ಆ ಕೆಲಸಕ್ಕೆ ಅದರದೇ ಆದ ಶಿಸ್ತಿತ್ತು. ಏನು ಹೇಳಿದರೂ ಎರಡು ಸಲ ಹೇಳಬೇಕು. ನಡುವೆ ಒಂದು ಉಸಿರಿಗಿಂತ ಹೆಚ್ಚು ನಿಲ್ಲಿಸಬಾರದು, ನಿಲ್ಲಿಸಿದರೆ ಮೈಕು ಕೆಟ್ಟಿತೆಂದು ಯಾರಾದರೂ ಓಡಿ ಬರುತ್ತಾರೆ. ಎಲ್ಲಕ್ಕಿಂತ ಮುಖ್ಯ, ಮೈಕಿನವನು ಯಾರ ಪ್ರಶ್ನೆಗೂ ಉತ್ತರ ಕೊಡುವ ಹಾಗಿಲ್ಲ. ಅವರದು ಗಾಜಿನ ಕೋಣೆ. ಜನ ಬಂದು ಗಾಜು ತಟ್ಟಿ “ಸಾರ್, ಏಳನೇ ಪ್ಲಾಟ್‌ಫಾರಂ ಬಸ್ ಹೋಯ್ತಾ?” ಎಂದು ಕೇಳುತ್ತಿದ್ದರು. ದೊಡ್ಡಪ್ಪ ಕತ್ತೆತ್ತದೆ, ಓದುವುದನ್ನು ನಿಲ್ಲಿಸದೆ, ಎಡಗೈ ತೋರುಬೆರಳನ್ನು ಮಾತ್ರ ಪಕ್ಕಕ್ಕೆ ಚಾಚುತ್ತಿದ್ದರು. ಅಲ್ಲಿ ‘ವಿಚಾರಣೆ’ ಎಂದು ಬರೆದ ಕಿಟಕಿಯಿತ್ತು. ಮೂವತ್ತೊಂದು ವರ್ಷ ಆ ಬೆರಳು ಎಡಕ್ಕೇ ಚಾಚಿತು. ಕೆಲಸ ಮುಗಿಸಿ ಮನೆಗೆ ಬಂದರೆ ಗಂಟಲಿಗೆ ವಿಶ್ರಾಂತಿ: ಬಿಸಿನೀರು, ಕುತ್ತಿಗೆಗೊಂದು ಮಫ್ಲರ್, ಬಾಯಿಗೆ ಬೀಗ. ನಿವೃತ್ತಿಯಾದ ಮರುದಿನ ಆ ಬೀಗ ಒಡೆಯಿತು.

“ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲೇ,” ಎಂದು ದೊಡ್ಡಮ್ಮ ಒಮ್ಮೆ ನನ್ನ ಹತ್ತಿರ ಹೇಳಿದರು. “ಮೂವತ್ತೊಂದು ವರ್ಷ ಈ ಮನುಷ್ಯ ಮನೆಗೆ ಬರೀ ಬಂಗಾರ ತಂದರು. ಈಗ ಎರಡು ವರ್ಷದಿಂದ ಬರೀ ಬೆಳ್ಳಿ. ಕೈಗೆ ಚಿಲ್ಲರೆ ಅಂತ ಒಂದು ದಿನ ಸಿಗಲಿಲ್ಲ ಕಣೇ.”

ದೊಡ್ಡಮ್ಮ ಮುಂದಿನ ಕೋಣೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಅವರ ಮಗಳು, ಅಂದರೆ ಅಕ್ಕ, ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿದ್ದಾಳೆ. ಭಾವ ಹಾಲಿನ ಟ್ಯಾಂಕರ್ ಓಡಿಸುತ್ತಾರೆ, ವಾರಕ್ಕೆ ಎರಡು ದಿನ ಮನೆ. ನಾನು ಮಹಡಿ ಮೇಲಿನ ಮನೆಯವಳು, ದೊಡ್ಡಪ್ಪನ ತಮ್ಮನ ಮಗಳು. ಇನ್ನು ಉಳಿದವಳು ಅಕ್ಕನ ಮಗಳು. ತೊಟ್ಟಿಲಲ್ಲಿ ಎಲ್ಲಿಟ್ಟರೂ ಉರುಳಿ ಮೂಲೆ ಸೇರುತ್ತಿದ್ದದ್ದರಿಂದ ಅವಳಿಗೆ ಬಟಾಣಿ ಎಂದು ಹೆಸರಾಯಿತು. ಅಕ್ಕ ಕೆಲಸಕ್ಕೆ ಹೋದಾಗ ಬಟಾಣಿ ದೊಡ್ಡಪ್ಪನ ಪಾಲು. ಅವಳಿಗೆ ಆರು ತಿಂಗಳಾದಾಗಿನಿಂದಲೂ ಹಾಗೆಯೇ. ಮಗುವನ್ನು ಎತ್ತಿಕೊಂಡು ಕೂತರೆ ದೊಡ್ಡಪ್ಪನಿಗೆ ಮೈಕು ವಾಪಸ್ ಸಿಕ್ಕಷ್ಟು ಸುಖ.

“ಪ್ರಯಾಣಿಕರ ಗಮನಕ್ಕೆ,” ಎಂದು ಬೆಳಿಗ್ಗೆ ಶುರುವಾಗುತ್ತಿತ್ತು. “ಬಾಳೆಹಣ್ಣಿನ ಗಾಡಿಯು ಇನ್ನು ಕೆಲವೇ ಕ್ಷಣಗಳಲ್ಲಿ ಒಂದನೇ ಬಾಯಿಗೆ ಆಗಮಿಸಲಿದೆ. ಬಾಳೆಹಣ್ಣಿನ ಗಾಡಿಯು ಇನ್ನು ಕೆಲವೇ ಕ್ಷಣಗಳಲ್ಲಿ ಒಂದನೇ ಬಾಯಿಗೆ ಆಗಮಿಸಲಿದೆ.” ಸ್ವಲ್ಪ ಹೊತ್ತಿಗೆ, “ತಾಂತ್ರಿಕ ಕಾರಣಗಳಿಂದ ಚಡ್ಡಿಯನ್ನು ಬದಲಾಯಿಸಲಾಗುತ್ತಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ.”

ಬಟಾಣಿ ಕಣ್ಣರಳಿಸಿ ಕೇಳುತ್ತಿದ್ದಳು. ಕೇಳುತ್ತಿದ್ದಳು ಅಷ್ಟೇ. ಒಂದೂಕಾಲು ವರ್ಷವಾದರೂ ಬಾಯಿಂದ ಒಂದು ‘ಅಮ್ಮ’ ಇಲ್ಲ, ‘ತಾ’ ಇಲ್ಲ. ಮೊದಮೊದಲು ಊ, ಆ ಎಂದು ಹಾಡಿಕೊಳ್ಳುತ್ತಿದ್ದವಳು ಅದನ್ನೂ ಕಡಿಮೆ ಮಾಡಿದ್ದಳು. ಅಕ್ಕನಿಗೆ ಭಯವಾಯಿತು. ಕಿವಿ ಪರೀಕ್ಷೆ ಮಾಡಿಸಿದಳು, ಕಿವಿ ಸರಿಯಾಗಿಯೇ ಇತ್ತು. ಕೊನೆಗೆ ಮಕ್ಕಳ ಬೆಳವಣಿಗೆ ನೋಡುವ ಸಿಸ್ಟರ್ ಬಳಿಗೆ ಮೂವರು ಹೋದೆವು. ಕಾಳಜಿ ಇದ್ದದ್ದರಿಂದ ಅಕ್ಕ, ಎತ್ತಿಕೊಳ್ಳಲು ದೊಡ್ಡಪ್ಪ, ಕಾಲೇಜಿಗೆ ಚಕ್ಕರ್ ಹೊಡೆಯಲು ನಾನು.

ಸಿಸ್ಟರ್ ಸಣ್ಣಗೆ, ಗಿಡ್ಡಗೆ ಇದ್ದರು. ಅವಸರವೇ ಇಲ್ಲದ ಹೆಂಗಸು. “ಮನೇಲಿ ಮಗು ಜೊತೆ ಯಾರು ಮಾತಾಡ್ತೀರ?” ಎಂದರು.

“ನಾನು,” ಎಂದರು ದೊಡ್ಡಪ್ಪ. ಆ ‘ನಾನು’ ಹೊರಗೆ ಸಾಲಿನಲ್ಲಿ ಕೂತವರಿಗೂ ಕೇಳಿಸಿತು.

“ಹಾಗಾದರೆ ಹತ್ತು ನಿಮಿಷ ಆಡಿಸಿ. ನಾನು ಸುಮ್ಮನೆ ನೋಡ್ತೀನಿ.”

ಸಿಕ್ಕಿತಲ್ಲ ಅವಕಾಶ! ದೊಡ್ಡಪ್ಪ ಚಾಪೆ ಮೇಲೆ ಕೂತು ಮರದ ಲಾರಿ, ರಬ್ಬರ್ ಬಾತುಕೋಳಿ, ಸಿಸ್ಟರ್ ಸ್ಟೂಲು, ಗೋಡೆ ಗಡಿಯಾರ, ಒಂದನ್ನೂ ಬಿಡದೆ ಎಲ್ಲದರ ಆಗಮನ ನಿರ್ಗಮನ ಸಾರಿದರು. ಅರಳು ಹುರಿದ ಹಾಗೆ ಮಾತು. ನಡುವೆ ಬಟಾಣಿ ಬಾತುಕೋಳಿ ಕಡೆ ಕೈ ಮಾಡಿ “ಊಂ?” ಎಂದಳು. ದೊಡ್ಡಪ್ಪ ಲಾರಿಯ ವಿಷಯ ನಿಲ್ಲಿಸಲಿಲ್ಲ. ಎಡಗೈ ಬೆರಳು ಮಾತ್ರ ತಂತಾನೇ ಪಕ್ಕಕ್ಕೆ ಚಾಚಿತು, ನನ್ನ ಕಡೆಗೆ.

ಹತ್ತು ನಿಮಿಷ ಮುಗಿದಾಗ ಸಿಸ್ಟರ್ ತಮ್ಮ ಎರಡೂ ಕೈ ಬೆರಳು ಮಡಚಿ ತೋರಿಸಿದರು. “ಮಗು ನಿಮ್ಮನ್ನ ಎಂಟು ಸಲ ಕರೀತು ತಾತ. ಕೈಯಲ್ಲಿ ನಾಲ್ಕು, ಕಣ್ಣಲ್ಲಿ ಮೂರು, ಬಾಯಲ್ಲಿ ಒಂದು. ನೀವು ಎಷ್ಟಕ್ಕೆ ಓಗೊಟ್ಟಿರಿ, ಹೇಳಿ?”

“ನಾನು ಮಾತಾಡ್ತಾನೇ ಇದ್ನಲ್ಲ ಸಿಸ್ಟರ್!”

“ಅದೇ ತೊಂದರೆ. ನೋಡಿ, ಈ ವಯಸ್ಸಲ್ಲಿ ಮಗು ತಲೆಯೊಳಗೆ ದಾರಿಗಳು ಬೀಳ್ತಾ ಇರುತ್ತೆ, ಹುಲ್ಲಲ್ಲಿ ಕಾಲುದಾರಿ ಬೀಳುತ್ತಲ್ಲ, ಹಾಗೆ. ಮಗು ಕರೆದಾಗ ನೀವು ಉತ್ತರ ಕೊಟ್ಟರೆ ಆ ದಾರೀಲಿ ಒಬ್ಬರು ನಡೆದ ಹಾಗೆ. ದಿನಾ ನಡೆದರೆ ದಾರಿ ಗಟ್ಟಿ. ಯಾರೂ ನಡೀದಿದ್ರೆ ಹುಲ್ಲು ಮುಚ್ಕೊಳುತ್ತೆ. ಬರೀ ಮಾತು ಕಿವಿಗೆ ಬಿದ್ದರೆ ಸಾಲದು. ಮಗು ಕೊಡಬೇಕು, ನೀವು ತಗೋಬೇಕು. ನೀವು ಕೊಡಬೇಕು, ಮಗು ತಗೋಬೇಕು.”

ದೊಡ್ಡಪ್ಪ ತುಂಬ ಹೊತ್ತು ಯೋಚಿಸಿದರು. ಅವರ ಮಟ್ಟಿಗೆ ತುಂಬ ಹೊತ್ತು ಎಂದರೆ ಎರಡು ಉಸಿರು. “ಅಂದ್ರೆ ರೂಟು! ಹೋಗೋ ಬಸ್ ಬಿಡ್ತಾ ಇದೀನಿ. ವಾಪಸ್ ಬರೋ ಬಸ್ಸೇ ಇಲ್ಲ.”

“ಹಾಂ, ಎಷ್ಟು ಚೆನ್ನಾಗಿ ಹೇಳಿದ್ರಿ,” ಎಂದು ಸಿಸ್ಟರ್ ನಕ್ಕರು. “ಒಂದು ಮಾತು ಹೇಳಿ, ಆಮೇಲೆ ಸುಮ್ಮನಿರಿ. ಹತ್ತು ಎಣಿಸಿ. ಅವಳು ಏನು ಕೊಟ್ಟರೂ ಅದಕ್ಕೆ ಉತ್ತರ ಕೊಡಿ. ಎರಡು ತಿಂಗಳು ಬಿಟ್ಟು ಬನ್ನಿ. ಮಕ್ಕಳೆಲ್ಲ ಒಂದೇ ಸಮ ಮಾತು ಕಲಿಯಲ್ಲ, ಹೆದರಬೇಡಿ.”

ಅಕ್ಕ ಹೆದರಿದ್ದಳು. ಮನೆಗೆ ಬಂದು ಚೀಲ ಇಡುವ ಮೊದಲೇ ಹೇಳಿದಳು. ಕಾರ್ಖಾನೆ ಎದುರಿಗೆ ಶಿಶುವಿಹಾರವಿದೆ, ಒಂದು ಜಾಗ ಖಾಲಿಯಿದೆ, ಅವರು ಎರಡು ತಿಂಗಳು ಹಿಡಿದಿಡುತ್ತಾರೆ. ಮುಂದಿನ ಸಲ ಸಿಸ್ಟರ್ ಸರಿ ಎನ್ನದಿದ್ದರೆ ಬಟಾಣಿ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲಿ.

“ನಾನು ಇರುವಾಗ ಅವಳು ಯಾಕೆ ಅಲ್ಲಿ?” ಎಂದರು ದೊಡ್ಡಪ್ಪ.

“ನೀನು ಇರ್ತೀಯ ಅಪ್ಪ. ಸಿಗಲ್ಲ,” ಎಂದಳು ಅಕ್ಕ. ಆಮೇಲೆ, ಬಿಡಬೇಕೋ ಹೇಳಬೇಕೋ ಎಂದು ಒಂದು ಗಳಿಗೆ ನೋಡಿ, ಹೇಳಿಯೇಬಿಟ್ಟಳು. “ನಾನು ಎರಡನೇ ಕ್ಲಾಸಲ್ಲಿದ್ದಾಗ ಜ್ವರ ಬಂತು ಅಂತ ಮೇಷ್ಟ್ರು ಮನೆಗೆ ಕಳಿಸಿದ್ರು. ಸೀದಾ ಬಸ್ ನಿಲ್ದಾಣಕ್ಕೆ ಬಂದೆ. ನಿನ್ನ ಗಾಜು ತಟ್ಟಿದೆ. ನೀನು ಕತ್ತೆತ್ತಲಿಲ್ಲ, ಬೆರಳು ತೋರಿಸಿದೆ. ನಾನು ಹೋಗಿ ಆ ಕಿಟಕಿ ಮುಂದೆ ಸಾಲಲ್ಲಿ ನಿಂತೆ. ನನ್ನ ಸರದಿ ಬಂದಾಗ ಅಲ್ಲಿನವರು ‘ಎಲ್ಲಿಗಮ್ಮ?’ ಅಂದ್ರು. ‘ಅಪ್ಪನ ಹತ್ರ’ ಅಂದೆ. ‘ಆ ಬಸ್ಸು ಈ ನಿಲ್ದಾಣದಿಂದ ಇಲ್ಲ’ ಅಂದ್ರು.”

ದೊಡ್ಡಮ್ಮನ ಹೊಲಿಗೆ ಯಂತ್ರ ನಿಂತಿತು. ಇದು ನಗಬೇಕಾದ ಕಥೆಯೋ ಅಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಅಕ್ಕನಿಗೇ ನಗು ಬಂತು, ಹಾಗಾಗಿ ನಾವೂ ನಕ್ಕೆವು. ದೊಡ್ಡಪ್ಪ ನಗಲಿಲ್ಲ. ಹೋಗಿ ಮಫ್ಲರ್ ಸುತ್ತಿಕೊಂಡು ಕೂತರು.

ಮರುದಿನದಿಂದ ಅಭ್ಯಾಸ. ನಾನೇ ಉಸ್ತುವಾರಿ, ಕೈಯಲ್ಲಿ ಅಡುಗೆಮನೆಯ ಗಡಿಯಾರ.

“ಬಟಾಣಿ, ಇದು ಚೆಂಡು,” ಎಂದರು ದೊಡ್ಡಪ್ಪ. ನಿಲ್ಲಿಸಿದರು. ಒಂದು, ಎರಡು, ಮೂರು. ಹಣೆಯಲ್ಲಿ ಬೆವರು. ನಾಲ್ಕು. ಕತ್ತಿನ ನರ ಉಬ್ಬಿತು. ಐದಕ್ಕೆ ಕಟ್ಟೆ ಒಡೆಯಿತು: “ಅಡಚಣೆಗಾಗಿ ವಿಷಾದಿಸುತ್ತೇವೆ!”

“ದೊಡ್ಡಪ್ಪಾ!”

“ನಾನಲ್ಲ ಕಣೇ, ಅದು ತಾನಾಗೇ ಬರುತ್ತೆ! ಸುಮ್ಮನಿದ್ರೆ ಯಾರೋ ಓಡಿ ಬಂದು ಬೈತಾರೆ ಅನ್ಸುತ್ತೆ.”

ಎರಡನೇ ದಿನ ಆರಕ್ಕೆ ಮುಟ್ಟಿದರು. ಮೂರನೇ ದಿನ ವಾಪಸ್ ಮೂರಕ್ಕಿಳಿದರು. ನಾಲ್ಕನೇ ದಿನ ಗಟ್ಟಿಯಾಗಿ ಎಣಿಸಿದರೆ ಸುಲಭ ಎಂದು ಹೊಸ ಉಪಾಯ ಮಾಡಿ, “ಒಂದೂ... ಎರಡೂ...” ಎಂದು ಬಸ್ ನಿಲ್ದಾಣದ ದನಿಯಲ್ಲಿ ಎಣಿಸಿದರು. ಎದುರುಮನೆಯವರು ಎಲ್ಲೋ ಏನೋ ಸಿಡಿಯುತ್ತದೆಂದು ಕಿಟಕಿ ಹಾಕಿಕೊಂಡರು. ಒಂದು ವಾರವಾಯಿತು, ಎರಡಾಯಿತು. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು ನಮ್ಮ ಪಾಡು. ಶಿಶುವಿಹಾರದವರು ಅಕ್ಕನಿಗೆ ಫೋನ್ ಮಾಡಿ ಜಾಗ ಬೇಕು ತಾನೇ ಎಂದು ಕೇಳಿದರು. ಅಕ್ಕ ಬೇಕು ಎಂದಳು. ದೊಡ್ಡಪ್ಪ ಅಂದು ಊಟದಲ್ಲಿ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ದುಃಖ ಬೇರೆಯಿಲ್ಲ.

ಬೇಸತ್ತದ್ದು ದೊಡ್ಡಮ್ಮ. ಬಟ್ಟೆ ಒಣಗಿಸಲು ಹಿತ್ತಲಿಗೆ ಹೊರಟವರು ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಬಟ್ಟೆ ಕ್ಲಿಪ್ಪಿನ ಡಬ್ಬಿಯಿಂದ ಒಂದನ್ನು ತೆಗೆದು, ಗಂಡನ ಎರಡೂ ತುಟಿ ಸೇರಿಸಿ ಹಾಕಿಬಿಟ್ಟರು. “ರೀ, ಹತ್ತು ನಿಮಿಷ ಇದನ್ನ ತೆಗೆದ್ರೆ ನನ್ನಾಣೆ.”

ನೀಲಿ ಪ್ಲಾಸ್ಟಿಕ್ ಕ್ಲಿಪ್ಪು. ಮೀಸೆ ಕೆಳಗೆ ಬಾತುಕೋಳಿ ಕೊಕ್ಕಿನ ಹಾಗೆ ನೆಟ್ಟಗೆ ನಿಂತಿತ್ತು. ದೊಡ್ಡಪ್ಪ ಕಣ್ಣು ಬಿಟ್ಟು ಕೂತರು. ಬಟಾಣಿ ಪುಟ್ಟ ಹೆಜ್ಜೆ ಹಾಕುತ್ತ ಬಂದು, ಅವರ ಮಂಡಿ ಹಿಡಿದು ನಿಂತು, ಕ್ಲಿಪ್ಪನ್ನು ನೋಡಿದಳು. ಬೆರಳಿಂದ ಮುಟ್ಟಿದಳು. “ಊಂ?”

ದೊಡ್ಡಪ್ಪನಿಗೆ ಪ್ರಕಟಣೆ ಹೊರಡಿಸಲು ಬಾಯಿಲ್ಲ. ಬೆರಳು ಚಾಚೋಣವೆಂದರೆ ಎರಡೂ ಕೈ ಮಗು ಬೀಳದ ಹಾಗೆ ಹಿಡಿದಿವೆ. ಉಳಿದದ್ದು ಮೂಗೊಂದೇ. ಮೂಗಿನಿಂದ “ಉಂ” ಎಂದರು.

ಬಟಾಣಿ ಬೆಚ್ಚಿದಳು. ಆ ಮುಖ ಇವತ್ತಿನವರೆಗೆ ಅವಳಿಗೆ ಉತ್ತರ ಕೊಟ್ಟಿರಲೇ ಇಲ್ಲ. ಪರೀಕ್ಷೆ ಮಾಡೋಣವೆಂಬಂತೆ ಮತ್ತೆ, ಸ್ವಲ್ಪ ಎಳೆದು, “ಊಊಂ?” ಎಂದಳು.

“ಉಉಂ,” ಎಂದಿತು ಮೂಗು, ಅಷ್ಟೇ ಎಳೆದು.

“ಊಂ! ಊಂ!”

“ಉಂ, ಉಂ!”

ಆಮೇಲೆ ನಿಲ್ಲಿಸುವವರಿಲ್ಲ. ಒಂದು ಬೈಗುಳದ ಊಂ, ಒಂದು ಕೇಳುವ ಊಂ, ಒಂದು ಸುಳ್ಳು ಊಂ. ದೊಡ್ಡಮ್ಮ ಕೆಳಗಿಟ್ಟ ಡಬ್ಬಿಯಿಂದ ಬಟಾಣಿ ಕ್ಲಿಪ್ಪು ತೆಗೆದು ಕೊಡುವುದು, ದೊಡ್ಡಪ್ಪ ತಮ್ಮ ಕಿವಿಗೆ ಹಾಕಿಕೊಳ್ಳುವುದು. ಬೇಡ ಎಂದು ಅವಳು ತಲೆಯಾಡಿಸಿ ತೋರಿಸುವುದು, ಇವರು ತೆಗೆದು ಮೂಗಿಗೆ ಹಾಕಿಕೊಳ್ಳುವುದು. ಹತ್ತು ನಿಮಿಷ ಎಂದದ್ದು ಮುಕ್ಕಾಲು ಗಂಟೆಯಾಯಿತು. ಮುಖದ ಮೇಲೆ ಹನ್ನೊಂದು ಕ್ಲಿಪ್ಪು ಸಿಕ್ಕಿಸಿಕೊಂಡು ನಮ್ಮ ದೊಡ್ಡಪ್ಪ ಮುಳ್ಳುಹಂದಿಯಾಗಿದ್ದರು. ಬಟಾಣಿ ನಕ್ಕೂ ನಕ್ಕೂ ಬಿಕ್ಕಳಿಕೆ ತರಿಸಿಕೊಂಡಿದ್ದಳು.

ದೊಡ್ಡಮ್ಮ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. “ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನುಷ್ಯ ಯಾರಿಗಾದ್ರೂ ಉತ್ತರ ಕೊಡೋದನ್ನ ಇವತ್ತು ನೋಡಿದೆ,” ಎಂದರು. ಕೂಡಲೇ ಬುದ್ಧಿ ಓಡಿಸಿದರು. “ರೀ, ಅಡುಗೆಮನೆ ನಲ್ಲಿ ಸೋರ್ತಿದೆ, ಸರಿ ಮಾಡ್ತೀರಾ?”

“ಉಂ.”

“ಅಟ್ಟದ ಮೇಲಿನ ಹಳೇ ರೇಡಿಯೋ ಮೂರೂ ಎಸೀಬಹುದಾ?”

“ಉಉಂ!” ಎಂದು ದೊಡ್ಡಪ್ಪ ಜೋರಾಗಿ ತಲೆಯಾಡಿಸಿದರು. ಅದು ಬೇಡ ಎಂದು. ಕ್ಲಿಪ್ಪುಗಳೆಲ್ಲ ಅಲ್ಲಾಡಿದವು. ದೊಡ್ಡಮ್ಮ ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡರು. ರೇಡಿಯೋಗಳು ಸಂಜೆಯೊಳಗೆ ಹೋದವು.

ಅಲ್ಲಿಂದ ದಿನಾ ಬೆಳಿಗ್ಗೆ ಕ್ಲಿಪ್ಪು. ಎರಡು ವಾರವಾದ ಮೇಲೆ ಕ್ಲಿಪ್ಪು ಹಾಕದೆಯೂ ಅವರಿಗೆ ಏಳು ಎಣಿಸುವವರೆಗೆ ಸುಮ್ಮನಿರಲು ಬಂತು. ಇನ್ನೂ ಒಂದು ವಾರಕ್ಕೆ ಎಣಿಸುವುದೇ ಮರೆಯಿತು. ಬಟಾಣಿ ಗೋಡೆ ತೋರಿಸಿದರೆ ದೊಡ್ಡಪ್ಪ ಗೋಡೆ ನೋಡುವರು. “ಹಲ್ಲಿ. ಹಲ್ಲಿ ನೋಡಿದ್ಯಾ? ಏನು ಮಾಡ್ತಿದೆ?” ಎಂದು ಬಾಯಿ ಅರ್ಧ ತೆರೆದುಕೊಂಡೇ ಕಾಯುವರು. ಅವಳು “ದದ್ದದ” ಎಂದರೆ “ಹೌದಾ? ಆಮೇಲೆ?” ಎನ್ನುವರು. ಅವಳು ಬಿದ್ದರೆ ಮೊದಲು ಅವರ ಮುಖ ಹುಡುಕುತ್ತಿದ್ದಳು, ಸಿಕ್ಕರೆ ಅಳುವುದನ್ನು ಅರ್ಧಕ್ಕೇ ಬಿಡುತ್ತಿದ್ದಳು. ಆದರೂ ಮಾತು ಎನ್ನುವಂಥ ಒಂದು ಮಾತು ಬಂದಿರಲಿಲ್ಲ. ಎರಡು ತಿಂಗಳು ಮುಗಿದೇಹೋಯಿತು.

ಸಿಸ್ಟರ್ ಬಳಿ ಹೋಗುವ ದಿನ ದೊಡ್ಡಪ್ಪ ಇಸ್ತ್ರಿ ಅಂಗಿ ಹಾಕಿಕೊಂಡರು. ಅಕ್ಕನ ಚೀಲದಲ್ಲಿ ಶಿಶುವಿಹಾರದ ಅರ್ಜಿ ಇತ್ತು, ತುಂಬಿಸಿದ್ದು. ಚಾಪೆ ಮೇಲೆ ಅದೇ ಲಾರಿ, ಅದೇ ಬಾತುಕೋಳಿ. ಬಟಾಣಿ ಸಿಸ್ಟರ್ ಮುಖ ಕಂಡದ್ದೇ ತಡ, ಓಡಿ ಬಂದು ದೊಡ್ಡಪ್ಪನ ಇಸ್ತ್ರಿ ಅಂಗಿಯೊಳಗೆ ಮುಖ ಹೂತುಬಿಟ್ಟಳು.

“ಹೋಯ್ತು,” ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು.

“ಒಳ್ಳೇದಾಯ್ತು,” ಎಂದರು ಸಿಸ್ಟರ್. “ಹೋದ ಸಲ ಇವಳು ಯಾರ ಹತ್ರಾನೂ ಓಡಿರಲಿಲ್ಲ. ಹೆದರಿಕೆಯಾದರೆ ಎಲ್ಲಿಗೆ ಹೋಗಬೇಕು ಅಂತ ಈಗ ಗೊತ್ತಾಗಿದೆ. ಅಲ್ಲಿ ಸ್ವಲ್ಪ ಧೈರ್ಯ ತುಂಬಿಸ್ಕೊಂಡು ಆಟಕ್ಕೆ ಬರ್ತಾಳೆ, ಕಾಯೋಣ.”

ಕಾದೆವು. ಬಟಾಣಿ ಅಲ್ಲಾಡಲಿಲ್ಲ. ಕೋಣೆಯಲ್ಲಿ ಮೌನ ಎಷ್ಟು ದಪ್ಪವಾಯಿತೆಂದರೆ ದೊಡ್ಡಪ್ಪನ ಗಂಟಲು ತಾನಾಗಿ ಸರಿಮಾಡಿಕೊಂಡಿತು. “ಪ್ರಯಾ...” ಎನ್ನುವಷ್ಟರಲ್ಲಿ ನಾನು ಕಣ್ಣು ಬಿಟ್ಟೆ. ಉಳಿದದ್ದನ್ನು ನುಂಗಿದರು. ಗುಳಿಗೆ ನುಂಗಿದ ಹಾಗೆ ಅದು ಕತ್ತಿನಲ್ಲಿ ಇಳಿದದ್ದು ಎಲ್ಲರಿಗೂ ಕಾಣಿಸಿತು.

ಆಗ ಕರೆಂಟು ಹೋಯಿತು. ತಲೆ ಮೇಲಿನ ಫ್ಯಾನು ಗೊರಗೊರ ಎಂದು ನಿಧಾನವಾಗಿ ನಿಂತಿತು. ಬಟಾಣಿ ಅಂಗಿಯಿಂದ ಮುಖ ತೆಗೆದು ಮೇಲೆ ನೋಡಿದಳು. ಫ್ಯಾನನ್ನು, ಆಮೇಲೆ ತಾತನನ್ನು.

“ಓತು,” ಎಂದಳು.

ಅಕ್ಕ ನನ್ನ ಕೈಯನ್ನು ಹಿಂಡಿದ ರಭಸಕ್ಕೆ ಬಳೆ ಒಡೆಯಬೇಕಿತ್ತು. ಪುಣ್ಯಕ್ಕೆ ಹಾಕಿರಲಿಲ್ಲ. ದೊಡ್ಡಪ್ಪ ಮಾತ್ರ ಏನೂ ವಿಶೇಷ ನಡೆದಿಲ್ಲವೆಂಬಂತೆ ಫ್ಯಾನು ನೋಡಿ, “ಹೋಯ್ತಲ್ಲಾ. ಎಲ್ಲಿಗೆ ಹೋಯ್ತು?” ಎಂದರು. ಕಾದರು.

ಬಾಗಿಲಲ್ಲಿ ಇಣುಕಿದ್ದ ಯಾರೋ ಹಿರಿಯರು, ಪಾಪ, ಸಹಾಯ ಮಾಡೋಣವೆಂದು, “ಕರೆಂಟು ಹೋಗಿದೆ ಸ್ವಾಮಿ, ಲೈನಲ್ಲಿ ಕೆಲಸ...” ಎಂದರು.

“ಸ್ವಾಮಿ, ನಿಮ್ಮನ್ನ ಕೇಳಲಿಲ್ಲ,” ಎಂದರು ದೊಡ್ಡಪ್ಪ ತಿರುಗಿಯೂ ನೋಡದೆ.

ಬಟಾಣಿ ಯೋಚಿಸಿದಳು. ಕಿಟಕಿ ಕಡೆ ಕೈ ಮಾಡಿದಳು. “ಅಲ್ಲಿ.”

“ಓಹೋ, ಹೊರಗೆ ಹೋಯ್ತಾ! ವಾಪಸ್ ಬರುತ್ತಾ?”

ಈ ಸಲ ಅವಳು ಹತ್ತಲ್ಲ, ಇಪ್ಪತ್ತು ತೆಗೆದುಕೊಂಡಳು. ಸಿಸ್ಟರ್ ಪೆನ್ನು ಎತ್ತಿದವರು ಹಾಗೇ ಹಿಡಿದಿದ್ದರು. ಸಾಲಿನಲ್ಲಿದ್ದವರೂ ಬಾಗಿಲಿಗೆ ಬಂದಿದ್ದರು. ಇಡೀ ಆಸ್ಪತ್ರೆಯ ಮೊದಲ ಮಹಡಿ ಒಂದು ಬಟಾಣಿಯ ಬಾಯಿ ನೋಡುತ್ತಿತ್ತು.

“ಬತ್ತೆ,” ಎಂದಳು, ತುಂಬ ಗಂಭೀರವಾಗಿ.

“ಸಾಕು ತಾತ, ನಾನು ಬರ್ಕೊಂಡೆ,” ಎಂದರು ಸಿಸ್ಟರ್.

“ಇರಿ ಸಿಸ್ಟರ್. ಇನ್ನೂ ಅವಳ ಸರದಿ.”

ಸಿಸ್ಟರ್ ಅಕ್ಕನಿಗೆ ಹೇಳಿದ್ದಿಷ್ಟು: ದಾರಿ ಬಿದ್ದಿದೆ, ನಡೆಯುವವರೂ ಇದ್ದಾರೆ. ಶಿಶುವಿಹಾರ ಕೆಟ್ಟದ್ದಲ್ಲ, ಬೇಕೆಂದಾಗ ಕಳಿಸಿ. ಬೇಕೇಬೇಕು ಎಂದೇನಿಲ್ಲ. ಅಕ್ಕ ಮೆಟ್ಟಿಲಲ್ಲೇ ನಿಂತು ಶಿಶುವಿಹಾರಕ್ಕೆ ಫೋನ್ ಮಾಡಿ, ಆ ಜಾಗ ಬೇರೆಯವರಿಗೆ ಕೊಡಿ ಎಂದಳು. ದೊಡ್ಡಪ್ಪ ಬೇರೆ ಕಡೆ ನೋಡುತ್ತ, ಕೇಳಿಸಲೇ ಇಲ್ಲವೆಂಬಂತೆ ನಟಿಸಿದರು. ಕಿವಿ ಮಾತ್ರ ಕೆಂಪಾಗಿತ್ತು.

ಆಸ್ಪತ್ರೆಯಿಂದ ಮನೆಗೆ ಹತ್ತು ನಿಮಿಷದ ನಡಿಗೆ. ಅಂದು ನಮಗೆ ಒಂದು ಗಂಟೆ ಹಿಡಿಯಿತು. ಬಟಾಣಿ ಚರಂಡಿಯ ಮುಚ್ಚಳದ ಮುಂದೆ ಕುಕ್ಕರುಗಾಲಲ್ಲಿ ಕೂತಳು, ದೊಡ್ಡಪ್ಪ ಎದುರಿಗೆ ಕೂತರು. ಅವಳದು ಒಂದು “ದದ್ದ”, ಇವರದು ಒಂದು “ಹೌದಾ?” ಸೈಕಲ್ಲಿನವರು ಸುತ್ತು ಹಾಕಿಕೊಂಡು ಹೋದರು.

“ಅಪ್ಪಾ, ನಡಿ. ಇವತ್ತು ಎರಡು ಗಂಟೆಗೆ ನನ್ನ ಶಿಫ್ಟು,” ಎಂದಳು ಅಕ್ಕ.

“ಇರು, ಅವಳು ಏನೋ ಹೇಳ್ತಿದಾಳೆ.”

ಅಕ್ಕ ನಿಂತಳು. ಸ್ವಲ್ಪ ಹೊತ್ತು ಅವರಿಬ್ಬರನ್ನೂ ನೋಡಿ ಕೇಳಿದಳು, “ನಾನು ಇಷ್ಟು ಚಿಕ್ಕೋಳಿದ್ದಾಗ ಏನು ಮಾತಾಡ್ತಿದ್ದೆ?”

ದೊಡ್ಡಪ್ಪ ಉತ್ತರ ಹುಡುಕಿದರು. ಪ್ರಾಮಾಣಿಕವಾಗಿ ಹುಡುಕಿದರು, ಮುಖದಲ್ಲಿ ಕಾಣಿಸುತ್ತಿತ್ತು. “ಗೊತ್ತಿಲ್ಲ ಕಣಮ್ಮ,” ಎಂದರು. ಆಮೇಲೆ ಚರಂಡಿ ಪಕ್ಕದ ಕಲ್ಲಿನ ಮೇಲಿನ ಧೂಳು ಕೈಯಿಂದ ಒರೆಸಿದರು. “ಈಗ ಹೇಳು. ಕೂತ್ಕೋ.”

“ಈಗಾ? ಇಲ್ಲಾ? ಹೇಳೋಕೆ ಹೋದ್ರೆ ಮೂವತ್ತು ವರ್ಷದ್ದಿದೆ ಅಪ್ಪ!”

“ಮೊದಲನೇದರಿಂದ ಶುರು ಮಾಡು.”

ಅಕ್ಕ ನನ್ನ ಮುಖ ನೋಡಿದಳು, ನಾನು ಆಕಾಶ ನೋಡಿದೆ. ಅವಳು ಕಲ್ಲಿನ ಮೇಲೆ ಕೂತು, ಯಾವುದೋ ಹಳೇ ಬೆಕ್ಕಿನಮರಿಯ ವಿಷಯ ತೆಗೆದಳು. ಅಷ್ಟಕ್ಕೇ ಬಟಾಣಿ ತನ್ನ ಸರದಿ ಹೋಯಿತೆಂದು ಸಿಟ್ಟಾಗಿ ಮುಚ್ಚಳ ಬಡಿದು “ಓತು! ಓತು!” ಎಂದು ಕೂಗತೊಡಗಿದಳು. ಅಕ್ಕ ದನಿ ಏರಿಸಿದಳು. ಬಟಾಣಿ ಇನ್ನೂ ಏರಿಸಿದಳು. ಎರಡೂ ಕಡೆ ಒಟ್ಟಿಗೆ ಕತ್ತು ತಿರುಗಿಸಲಾಗದೆ ದೊಡ್ಡಪ್ಪ ಎಡಕ್ಕೊಮ್ಮೆ ಬಲಕ್ಕೊಮ್ಮೆ “ಹೌದಾ?”, “ಆಮೇಲೆ?” ಎನ್ನುತ್ತ, ನಡುಬೀದಿಯಲ್ಲಿ ಚರಂಡಿಯ ಪಕ್ಕ ಇಸ್ತ್ರಿ ಅಂಗಿಯಲ್ಲಿ ಕುಕ್ಕರಿಸಿದ್ದರು.

“ಒಬ್ಬೊಬ್ಬರಾಗಿ ಬನ್ನಿ,” ಎಂದರು ಕೊನೆಗೆ. “ನಾನು ಎಲ್ಲೂ ಹೋಗಲ್ಲ.”